ಬಾಡಿಗೆ ಮನೆ, ಒಂದು ಪ್ಲಗ್, 4 ವರ್ಷದ ಎಲೆಕ್ಟ್ರಿಕ್ ಸ್ಕೂಟರ್

2021ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಈಗ 31,000 ಕಿ.ಮೀ. ಓಡಿದೆ. ಬೆಂಗಳೂರಿನ ವಿಜಯನಗರದಿಂದ ಪೀಣ್ಯಕ್ಕೆ ದಿನಾ ಹೋಗಿ ಬರುವ ಗಾಡಿ. ತಗೊಳ್ಳುವ ಮುಂಚೆ ಎಲ್ಲರೂ ಬ್ಯಾಟರಿ ಬಗ್ಗೆಯೇ ಹೆದರಿಸಿದರು. ಇಷ್ಟು ದಿನ ಓಡಿಸಿದ ಮೇಲೆ ನನಗೆ ಅನ್ನಿಸುವುದು ಬೇರೆ. ಬ್ಯಾಟರಿ ಆಮೇಲೆ ನೋಡೋಣ, ಮೊದಲು ಗಾಡಿ ನಿಲ್ಲಿಸುವ ಜಾಗದಲ್ಲಿ ನಿಮ್ಮದೇ ಪ್ಲಗ್ ಇದೆಯಾ?

ನಮ್ಮದು ಬಾಡಿಗೆ ಮನೆ, ಮೊದಲ ಮಹಡಿ. ಗಾಡಿ ನಿಲ್ಲುವುದು ಕೆಳಗೆ. ಓನರ್ ಅಂಕಲ್ ಒಳ್ಳೆಯವರು, ಆದರೆ ಅವರಿಗೆ ಬೆಂಕಿಯ ಭಯ. ನಮ್ಮ ಮೀಟರ್‌ನಿಂದಲೇ ಬೇರೆ ವೈರ್ ಎಳೆಸುತ್ತೇನೆ, ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸುತ್ತೇನೆ, ಖರ್ಚೆಲ್ಲ ನನ್ನದು ಅಂದ ಮೇಲೆ ಒಪ್ಪಿದರು. ಮೊದಲ ರಾತ್ರಿ ಚಾರ್ಜರ್ ಸಿಕ್ಕಿಸಿದರೆ ಕೆಂಪು ಲೈಟ್. ಗಾಡಿಯೇ ಕೆಟ್ಟಿದೆ ಅಂದುಕೊಂಡು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಎಲೆಕ್ಟ್ರಿಷಿಯನ್ ಬಂದು ನೋಡಿ, "ಗಾಡಿ ಚೆನ್ನಾಗಿದೆ ಸಾರ್, ಮನೆಗೇ ಅರ್ಥಿಂಗ್ ಇಲ್ಲ" ಅಂದರು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯೇ ಇರಲಿಲ್ಲ. ಕಾಂಪೌಂಡ್ ಪಕ್ಕ ಗುಂಡಿ ತೋಡಿ, ರಾಡ್ ಇಳಿಸಿ, ಇದ್ದಿಲು ಉಪ್ಪು ತುಂಬಿದರು. ವೈರಿಂಗ್ ಸೇರಿ 6,500 ರೂಪಾಯಿ ಆಯಿತು. ಹಳೇ ಮನೆಗಳಲ್ಲಿ ಇದು ಮಾಮೂಲಿ ತೊಂದರೆ. ಷೋರೂಮ್‌ನಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ನೀವು ಬುಕ್ ಮಾಡುವ ಮುಂಚೆಯೇ ಅರ್ಥಿಂಗ್ ಚೆಕ್ ಮಾಡಿಸಿಬಿಡಿ.

ಓಡಿಸಲು ಗಾಡಿ ಹಿತವಾಗಿದೆ. ಸದ್ದಿಲ್ಲ, ಗೇರಿಲ್ಲ, ಪೀಣ್ಯದ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋದರೂ ಕಾಲಿಗೆ ಇಂಜಿನ್ ಬಿಸಿ ತಾಗುವುದಿಲ್ಲ. 3 ಕಿಲೋವ್ಯಾಟ್ ಅವರ್, ಅಂದರೆ 3 ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿ. ಹೊಸತರಲ್ಲಿ ಊರೊಳಗೆ 85 ಕಿ.ಮೀ. ಬರುತ್ತಿತ್ತು, ಈಗ 72-73. ನನ್ನ ದಿನದ ಓಡಾಟ 22 ಕಿ.ಮೀ. ಆದ್ದರಿಂದ ಕಡಿಮೆಯಾದದ್ದು ಗೊತ್ತಾಗುವುದೇ ಇಲ್ಲ. ಹೈವೇ ಮಾತ್ರ ಬೇರೆ ಲೆಕ್ಕ. ಮೊದಲ ವರ್ಷ ತುಮಕೂರಿಗೆ ಹೋದಾಗ ನೆಲಮಂಗಲ ದಾಟುತ್ತಿದ್ದಂತೆ 60ರಲ್ಲಿ ಓಡಿಸಿದೆ. ದಾಬಸ್‌ಪೇಟೆ ಹೊತ್ತಿಗೆ ಚಾರ್ಜ್ ಇಳಿದದ್ದು ನೋಡಿ ಎದೆ ಹೊಡೆದುಕೊಂಡಿತು. ರಸ್ತೆ ಬದಿಯ ಹೋಟೆಲ್‌ನವರು ಪ್ಲಗ್ ಕೊಟ್ಟರು, ದುಡ್ಡು ಕೊಟ್ಟರೂ ತಗೊಳ್ಳಲಿಲ್ಲ. ಒಂದೂವರೆ ಗಂಟೆ ಅಲ್ಲೇ ಕೂತೆ. ಈಗ ತುಮಕೂರಿಗೆ ಬಸ್ಸೇ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಯೂನಿಟ್‌ಗೆ ಸುಮಾರು 25 ಕಿ.ಮೀ. ಕೊಡುತ್ತದೆ, ಅಂದರೆ ತಿಂಗಳಿಗೆ 26 ಯೂನಿಟ್. 2023ರ ಆಗಸ್ಟ್ ಬಿಲ್‌ನಿಂದ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂತು. ಅದರಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದರು. ಆ ವರ್ಷ ನಮ್ಮ ಸರಾಸರಿ 130. ಸ್ಕೂಟರ್‌ನ ಯೂನಿಟ್ ಅದರಲ್ಲೇ ಸೇರಿತ್ತು! ಹಾಗಾಗಿ ನಮಗೆ 143 ಯೂನಿಟ್ ಸಿಕ್ಕಿತು, ಗಾಡಿಯ ಕರೆಂಟಿಗೆ ಆಮೇಲೆ ದುಡ್ಡೇ ಕೊಟ್ಟಿಲ್ಲ. ಅದಕ್ಕೂ ಮುಂಚಿನದು ಸೇರಿಸಿದರೆ 5,000 ರೂಪಾಯಿ ಆಸುಪಾಸು. ಇಷ್ಟೇ ದೂರ 45 ಮೈಲೇಜಿನ ಪೆಟ್ರೋಲ್ ಸ್ಕೂಟರ್ ಓಡಿಸಿದ್ದರೆ, ಲೀಟರಿಗೆ 100 ಅಂತ ಹಿಡಿದರೂ, 69,000ದ ಹತ್ತಿರ ಆಗುತ್ತಿತ್ತು. ಆದರೆ ಆಮೇಲೆ ಗಾಡಿ ಕೊಂಡ ನನ್ನ ಸಹೋದ್ಯೋಗಿಗೆ ಹೆಚ್ಚುವರಿ ಯೂನಿಟ್‌ಗೆ ಬಿಲ್ ಬರುತ್ತಿದೆ. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹೊಸದಾಗಿ ತಗೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಸಬ್ಸಿಡಿಯಲ್ಲೂ ನನ್ನ ಅದೃಷ್ಟ ಚೆನ್ನಾಗಿತ್ತು. 2021ರ ಜೂನ್‌ನಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಫೇಮ್-2 ಸಬ್ಸಿಡಿಯನ್ನು ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿಗೆ ಏರಿಸಿದ್ದರು. ರಸ್ತೆ ತೆರಿಗೆಯೂ ಇರಲಿಲ್ಲ. 2023ರ ಜೂನ್‌ನಲ್ಲಿ ಆ ಸಬ್ಸಿಡಿಯನ್ನು 10,000ಕ್ಕೆ ಇಳಿಸಿ, ಮಿತಿಯನ್ನು ಗಾಡಿ ಬೆಲೆಯ ಶೇ. 40ರಿಂದ 15ಕ್ಕೆ ತಂದರು. ಆಮೇಲೆ ಕೊಂಡವರಿಗೆ ಬೆಲೆ ಜಾಸ್ತಿಯೇ ಬಿತ್ತು.

ಬೇಸರ ಆಗಿದ್ದು ಸರ್ವಿಸ್‌ನಲ್ಲಿ. 2023ರ ಮಳೆಗಾಲದಲ್ಲಿ ಗಾಡಿ ರಸ್ತೆ ಮಧ್ಯೆ ನಿಂತಿತು. ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಹೋಗಿತ್ತು. ವಾರಂಟಿಯಲ್ಲಿ ಹಾಕಿಕೊಟ್ಟರು ನಿಜ, ಆದರೆ ಪಾರ್ಟ್ ಬರಲು 19 ದಿನ. ಬದಲಿ ಗಾಡಿ ಇಲ್ಲ, ಫೋನ್ ಮಾಡಿದರೆ ಸರಿಯಾದ ಉತ್ತರ ಇಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ ಟೈರು, ಬ್ರೇಕ್ ಪ್ಯಾಡ್ ಹಾಕಿಕೊಡುತ್ತಾರೆ, ಅದಕ್ಕಿಂತ ಒಳಗೆ ಕೈ ಹಾಕುವುದಿಲ್ಲ. ಇದೊಂದು ಸುಧಾರಿಸಲೇಬೇಕು.

ಮತ್ತೆ ಪ್ಲಗ್ ವಿಷಯಕ್ಕೇ ಬರುತ್ತೇನೆ, ನನ್ನ ಕಳಕಳಿ ಇರುವುದೇ ಅಲ್ಲಿ. 2024ರಲ್ಲಿ ಸ್ವಲ್ಪ ದೊಡ್ಡ ಮನೆ ಹುಡುಕಿದೆವು. ಎಲೆಕ್ಟ್ರಿಕ್ ಗಾಡಿ ಅಂದ ತಕ್ಷಣ 5 ಕಡೆ ಆಗಲ್ಲ ಅಂದರು. ಮನೆಯಲ್ಲಿ ಈಗಿರುವ ಕನೆಕ್ಷನ್‌ನಿಂದಲೇ ಚಾರ್ಜ್ ಮಾಡಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯಲ್ಲೇ ಇತ್ತು. ಪ್ರಿಂಟ್ ತೆಗೆದು ತೋರಿಸಿದರೂ ಓನರ್‌ಗಳು ಕೇಳಲಿಲ್ಲ. ದೇಶದಲ್ಲೇ ಮೊದಲು, 2017ರಲ್ಲಿ, ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ರೇವಾ ಎಲೆಕ್ಟ್ರಿಕ್ ಕಾರು ರಸ್ತೆಗಿಳಿದದ್ದು ಇದೇ ಬೆಂಗಳೂರಿನಿಂದ, 2001ರಲ್ಲಿ. ಅಂಥ ಊರಲ್ಲಿ ಬಾಡಿಗೆಗೆ ಇರುವವನು ಒಂದು ಪ್ಲಗ್‌ಗಾಗಿ ಬೇಡಬೇಕಾ? ರಸ್ತೆ ಬದಿ ಎಷ್ಟು ಚಾರ್ಜರ್ ಹಾಕಿದರೂ, ರಾತ್ರಿ ಮನೆ ಮುಂದೆ ಚಾರ್ಜ್ ಮಾಡುವ ಅನುಕೂಲಕ್ಕೆ ಅದು ಸಮ ಅಲ್ಲ. ಹಾಗಾಗಿ ನಾವು ಹಳೇ ಮನೆಯಲ್ಲೇ ಉಳಿದೆವು.

ಬ್ಯಾಟರಿಯ 3 ವರ್ಷದ ವಾರಂಟಿ ಮುಗಿದಿದೆ. ಆದರೂ ಇನ್ನೂ 3-4 ವರ್ಷ ಇದನ್ನೇ ಓಡಿಸುತ್ತೇನೆ. ಕಳೆದ ತಿಂಗಳು ಎರಡನೇ ಮಹಡಿಗೆ ಬಂದವರ ಹತ್ತಿರವೂ ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಗಾಡಿ ಇದೆ. ಈ ಸಲ ಓನರ್ ಅಂಕಲ್ ತಾವೇ ನನ್ನನ್ನು ಕರೆದು ಎಲೆಕ್ಟ್ರಿಷಿಯನ್ ನಂಬರ್ ಇಸ್ಕೊಂಡರು. ಅರ್ಥಿಂಗ್ ಹೇಗೂ ಇದೆ, ಭಾನುವಾರ ವೈರ್ ಎಳೆಯಲು ಬರುತ್ತಾರೆ.