ಉಪ್ಪು, ರೊಟ್ಟಿ, ಮುಚ್ಚಿದ ಬಾಗಿಲು: ‘ಗೇಮ್ ಆಫ್ ಥ್ರೋನ್ಸ್’ ಸೀಸನ್ 3, ಎಪಿಸೋಡ್ 9

ಎಚ್ಚರಿಕೆ ಮೊದಲಿಗೇ: ಯಾರು ಸಾಯುತ್ತಾರೆ, ಯಾರ ಕೈಯಲ್ಲಿ ಸಾಯುತ್ತಾರೆ ಎಂಬುದೆಲ್ಲ ಕೆಳಗೆ ಉಂಟು. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಮೊದಲ ಸೀಸನ್ನಿನಿಂದ ಶುರುಮಾಡಿ, ಮೂರನೆಯದು ಮುಗಿಸಿ ಬನ್ನಿ.

‘ದಿ ರೇನ್ಸ್ ಆಫ್ ಕ್ಯಾಸ್ಟಮಿಯರ್’ ಎಂಬ ಈ ಎಪಿಸೋಡ್ 2013ರ ಜೂನ್ 2ರಂದು ಎಚ್‌ಬಿಒದಲ್ಲಿ ಬಂತು. ಬರೆದವರು ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್; ನಿರ್ದೇಶನ ಡೇವಿಡ್ ನಟರ್. ಅಭಿಮಾನಿಗಳ ಬಾಯಲ್ಲಿ ಇದು ‘ರೆಡ್ ವೆಡ್ಡಿಂಗ್’. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಇದನ್ನು ಹೊಸದಾಗಿ ನೋಡುವವರು ಈಗಲೂ ಇದ್ದಾರೆ. ನೋಡಿ ಮುಗಿಸಿದ ರಾತ್ರಿ ಅವರಿಂದ ಬರುವ ಮೆಸೇಜು ಹೆಚ್ಚುಕಡಿಮೆ ಒಂದೇ: ‘ಇದೆಂಥದು ಮಾರಾಯ್ರೆ, ಇನ್ನು ಈ ಸೀರಿಯಲ್ಲೇ ಬೇಡ.’ ನಾಲ್ಕು ದಿನ ಕಳೆದರೆ ಅವರೇ ಹತ್ತನೆಯದು ಹಾಕಿ ಕೂತಿರುತ್ತಾರೆ.

ಸಿಟ್ಟು ಬರುವುದು ನ್ಯಾಯವೇ. ಆದರೆ ‘ಸುಮ್ಮನೆ ಶಾಕ್ ಕೊಡಲಿಕ್ಕೆ ಕೊಂದರು’ ಎಂಬ ದೂರು ನಿಲ್ಲುವುದಿಲ್ಲ. ಲೆಕ್ಕವನ್ನೆಲ್ಲ ನಮ್ಮ ಕಣ್ಣೆದುರೇ ಬರೆದಿಟ್ಟಿದ್ದರು. ಲ್ಯಾನಿಸ್ಟರರ ಮೇಲೆ ಯುದ್ಧ ಹೂಡಿದ ಎಳೆಯ ರಾಜ ರಾಬ್ ಸ್ಟಾರ್ಕ್ ಗೆಲ್ಲಲಿ ಎಂಬ ಆಸೆಯಲ್ಲಿ ನಾವು ಅದನ್ನು ಕೂಡಿಸಲಿಲ್ಲ, ಅಷ್ಟೇ. ಹಾಗಾಗಿ ಯೂಟ್ಯೂಬಿನಲ್ಲಿ ಕೊನೆಯ ತುಣುಕನ್ನಷ್ಟೇ ನೋಡಿದವರಿಗೆ ಇದು ಬರೀ ಕಡಿದಾಟ. ಅವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕಾಗಿಲ್ಲ.

ಲೆಕ್ಕ ಶುರುವಾಗುವುದು ಮೊದಲ ಸೀಸನ್ನಿನ ಒಂಬತ್ತನೇ ಎಪಿಸೋಡಿನಲ್ಲಿ. ಸೇತುವೆ ದಾಟಬೇಕಾದರೆ ಅದರ ಒಡೆಯ, ಮುದುಕ ವಾಲ್ಡರ್ ಫ್ರೇಯ ಮಗಳೊಬ್ಬಳನ್ನು ರಾಬ್ ಮದುವೆಯಾಗಬೇಕು ಎಂಬ ಕರಾರನ್ನು ರಾಬನ ತಾಯಿ ಕ್ಯಾಟ್ಲಿನ್ ಅಲ್ಲಿ ಮಾಡಿಕೊಂಡು ಬರುತ್ತಾಳೆ. ಎರಡನೇ ಸೀಸನ್ನಿನ ಕೊನೆಯಲ್ಲಿ ರಾಬ್ ಗುಟ್ಟಾಗಿ ಟಲೀಸಾಳನ್ನು ಕಟ್ಟಿಕೊಳ್ಳುತ್ತಾನೆ. ಮೂರನೆಯದರ ಐದನೇ ಎಪಿಸೋಡಿನಲ್ಲಿ ತನ್ನದೇ ಕಡೆಯ ಸರದಾರ ರಿಕಾರ್ಡ್ ಕಾರ್‌ಸ್ಟಾರ್ಕನ ತಲೆ ತೆಗೆದು ಆ ದಂಡನ್ನು ಕಳೆದುಕೊಳ್ಳುತ್ತಾನೆ. ಸೈನ್ಯ ಸಾಲದೆ ಫ್ರೇ ಬಾಗಿಲಿಗೇ ಮತ್ತೆ ಹೋಗಬೇಕಾಗುತ್ತದೆ. ಆರನೆಯದರಲ್ಲಿ ತಪ್ಪುಕಾಣಿಕೆಯಾಗಿ ಸೋದರಮಾವ ಎಡ್ಮ್ಯೂರನನ್ನು ಮದುಮಗನನ್ನಾಗಿ ಒಪ್ಪಿಸುತ್ತಾರೆ. ಏಳನೆಯದನ್ನು ಇನ್ನೊಮ್ಮೆ ನೋಡುವವರು ಗಮನಿಸಬೇಕಾದ ಸಾಲೊಂದುಂಟು: ಹ್ಯಾರನ್‌ಹಾಲ್ ಬಿಟ್ಟು ಹೊರಡುವಾಗ ಎದುರುಪಕ್ಷದ ಜೇಮಿ ಲ್ಯಾನಿಸ್ಟರ್ ನಗುತ್ತಾ ರಾಬನ ಕಡೆಯ ಸರದಾರ ರೂಸ್ ಬೋಲ್ಟನ್ ಬಳಿ ‘ಲ್ಯಾನಿಸ್ಟರರ ನಮಸ್ಕಾರ ತಿಳಿಸಿ’ ಎನ್ನುತ್ತಾನೆ. ತಮಾಷೆಯ ಮಾತು. ಎರಡು ಎಪಿಸೋಡ್ ಕಳೆದ ಮೇಲೆ ಅದೇ ಮಾತು ಹೇಳಿ ಬೋಲ್ಟನ್ ರಾಬನ ಎದೆಗೆ ಚೂರಿ ಹಾಕುತ್ತಾನೆ.

ಎಪಿಸೋಡಿಗೆ ಹೆಸರು ಕೊಟ್ಟ ಹಾಡಿನದೂ ಅದೇ ಕತೆ. ಎರಡನೇ ಸೀಸನ್ನಿನಲ್ಲಿ ಜೇಮಿಯ ತಮ್ಮ ಟಿರಿಯನ್ ಅದರ ಮಟ್ಟನ್ನು ಸಿಳ್ಳೆ ಹಾಕುತ್ತಾನೆ, ಅವನ ಕೂಲಿ ಸಿಪಾಯಿ ಬ್ರಾನ್ ಸೈನಿಕರ ಜೊತೆ ಹಾಡುತ್ತಾನೆ. ಮೂರನೆಯದರ ಎಂಟನೇ ಎಪಿಸೋಡಿನಲ್ಲಂತೂ ರಾಜಮಾತೆ ಸರ್ಸೀ, ಲ್ಯಾನಿಸ್ಟರರಿಗೆ ಎದುರು ನಿಂತ ರೇನ್ ವಂಶ ಹೇಗೆ ನಿರ್ನಾಮವಾಯಿತು ಎಂದು ಸೊಸೆಯಾಗಲಿರುವ ಮಾರ್ಜರಿಗೆ ಬಿಡಿಸಿ ಹೇಳುತ್ತಾಳೆ. ಅದೂ ಒಂದು ಮದುವೆಯ ಹೊತ್ತಿನಲ್ಲಿ! ಇಷ್ಟು ಹೇಳಿದ ಮೇಲೂ ಮುಂದಿನ ಎಪಿಸೋಡಿಗೆ ನಾವು ತಯಾರಿರಲಿಲ್ಲ.

ಒಂಬತ್ತನೆಯದರ ಮೊದಲರ್ಧದಲ್ಲಿ ಫ್ರೇ ಮನೆಗೆ ಬಂದವರಿಗೆ ರೊಟ್ಟಿ, ಉಪ್ಪು ಕೊಡುತ್ತಾರೆ. ಅದನ್ನು ಬಾಯಿಗೆ ಹಾಕಿದ ಮೇಲೆ ಅತಿಥಿಯ ತಲೆ ಕಾಯುವ ಹೊಣೆ ಮನೆಯವನದು. ಅದನ್ನು ಮುರಿಯುವುದಕ್ಕಿಂತ ದೊಡ್ಡ ಪಾಪ ಆ ನಾಡಿನಲ್ಲಿ ಇಲ್ಲ. ಬಂದವರ ಎದುರು ಬೆಲ್ಲ, ನೀರು ಇಟ್ಟ ಮೇಲೆಯೇ ಮಾತು ಶುರುಮಾಡುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದಲೇ ಇಲ್ಲಿನವರಿಗೆ ಈ ಪೆಟ್ಟು ಒಂದು ಕೈ ಹೆಚ್ಚೇ ಬೀಳುತ್ತದೆ. ಯುದ್ಧದಲ್ಲಿ ರಾಬ್ ಸತ್ತಿದ್ದರೆ ಇಷ್ಟು ಕುದಿಯುತ್ತಿರಲಿಲ್ಲ.

ಈಗ ಆ ಹಜಾರದ ದೃಶ್ಯ. ನಟರ್ ಇಲ್ಲಿ ಮಾಡಿದ ಕೆಲಸ ಹಂತ ಹಂತವಾಗಿ ನೋಡುವಂಥದು. ಮದುಮಗಳ ಮುಸುಕು ಎತ್ತಿದಾಗ ಚಂದದ ಹುಡುಗಿ, ಎಡ್ಮ್ಯೂರನ ಮುಖದಲ್ಲಿ ನೆಮ್ಮದಿ. ನಮಗೂ ‘ಅಬ್ಬ, ಮುದುಕ ಮನಸ್ಸು ಕರಗಿಸಿದ’ ಅನ್ನಿಸುತ್ತದೆ. ಊಟದ ಮೇಜಿನಲ್ಲಿ ಬೋಲ್ಟನ್ ಮದ್ಯ ಬೇಡ ಎನ್ನುತ್ತಾನೆ, ಬುದ್ಧಿ ಮಂಕಾಗುತ್ತದಂತೆ. ಕ್ಯಾಟ್ಲಿನ್‌ಳ ಚಿಕ್ಕಪ್ಪ ಬ್ಲ್ಯಾಕ್‌ಫಿಶ್ ಮೂತ್ರಕ್ಕೆಂದು ಎದ್ದು ಹೋಗುತ್ತಾನೆ. ಜೀವ ಉಳಿದದ್ದು ಅದರಿಂದ. ಹುಟ್ಟುವ ಮಗುವಿಗೆ ರಾಬನ ತೀರಿಹೋದ ತಂದೆ ನೆಡ್‌ನ ಹೆಸರನ್ನೇ ಇಡುವ ಮಾತು ಟಲೀಸಾಳಿಂದ ಬರುತ್ತದೆ. ಮದುಮಕ್ಕಳನ್ನು ಎತ್ತಿಕೊಂಡು ಗಲಾಟೆಯ ಗುಂಪು ಹೊರಗೆ ಹೋಗುತ್ತದೆ. ಗದ್ದಲ ಇಳಿಯುತ್ತದೆ. ಬಾಗಿಲು ಮುಚ್ಚುತ್ತದೆ. ಮೇಲಿನ ಜಗಲಿಯ ವಾದ್ಯಗಾರರು ಮಟ್ಟು ಬದಲಿಸುತ್ತಾರೆ.

ಇಲ್ಲಿಂದ ಕ್ಯಾಮೆರಾ ಕ್ಯಾಟ್ಲಿನ್ ಮುಖವನ್ನು ಬಿಡುವುದಿಲ್ಲ. ಮಿಶೆಲ್ ಫೇರ್ಲಿಯ ಕಣ್ಣು ಮೊದಲು ಬಾಗಿಲಿಗೆ ಹೋಗುತ್ತದೆ, ಆಮೇಲೆ ಮೇಲಕ್ಕೆ. ನಗು ಪೂರ್ತಿ ಮಾಯವಾಗಿರುವುದಿಲ್ಲ, ಅರ್ಧ ಉಳಿದಿರುತ್ತದೆ. ಪಕ್ಕದಲ್ಲಿ ಕೂತ ಬೋಲ್ಟನ್ ತನ್ನದೇ ತೋಳಿನ ಕಡೆ ನೋಡುತ್ತಾನೆ. ಅವಳು ಅಂಗಿಯ ತೋಳನ್ನು ಎಳೆದರೆ ಒಳಗೆ ಕಬ್ಬಿಣದ ಬಳೆಗಳ ಕವಚ. ಊಟಕ್ಕೆ ಕವಚ ಹಾಕಿ ಬಂದವನು! ಅವಳಿಗೆ ಗೊತ್ತಾಗಿ ಕೂಗುವುದಕ್ಕೂ ಫ್ರೇಯ ಮಗ ಲೋಥರ್ ಟಲೀಸಾಳ ಹೊಟ್ಟೆಗೆ ಇರಿಯುವುದಕ್ಕೂ ನಡುವೆ ಉಸಿರಾಡಲು ಸಹ ಜಾಗವಿಲ್ಲ. ನಮಗೂ ಅವಳಿಗೂ ಅರ್ಥವಾಗುವುದು ಒಂದೇ ಹೊತ್ತಿಗೆ, ತಡೆಯಲಿಕ್ಕೆ ಇಬ್ಬರಿಗೂ ಪುರುಸೊತ್ತಿಲ್ಲ. ನೋಡುವವರು ಎದ್ದು ನಿಲ್ಲುವುದು, ದಿಂಬು ಎಸೆಯುವುದು ಎಲ್ಲ ಈ ಜಾಗದಲ್ಲೇ.

ಅಷ್ಟರಲ್ಲಿ ಹಾಡು ನಿಂತಿರುತ್ತದೆ. ವಾದ್ಯಗಾರರ ಕೈಯಲ್ಲಿ ಈಗ ಅಡ್ಡಬಿಲ್ಲು. ಹೊರಗೆ ರಾಬನ ತಂಗಿ ಆರ್ಯಾ, ತಾಯಿ, ಅಣ್ಣ ಇರುವಲ್ಲಿಗೆ ಕೆಲವೇ ಮಾರು ದೂರದಲ್ಲಿ ನಿಂತು, ಗೂಡಿನಲ್ಲಿದ್ದ ರಾಬನ ಸಾಕುತೋಳ ಗ್ರೇ ವಿಂಡ್‌ಗೆ ಬಾಣ ಹೊಡೆಯುವುದನ್ನು ನೋಡುತ್ತಾಳೆ. ಒಳಗೆ ಕ್ಯಾಟ್ಲಿನ್ ಮುದುಕನ ಎಳೆಯ ಹೆಂಡತಿಯ ಕುತ್ತಿಗೆಗೆ ಚೂರಿ ಹಿಡಿದು ಮಗನ ಜೀವ ಕೇಳುತ್ತಾಳೆ. ಡೇವಿಡ್ ಬ್ರಾಡ್ಲಿಯ ವಾಲ್ಡರ್ ಫ್ರೇ, ಇನ್ನೊಬ್ಬಳನ್ನು ತಂದುಕೊಳ್ಳುತ್ತೇನೆ ಎನ್ನುತ್ತಾನೆ, ಅಂಗಡಿಯಲ್ಲಿ ಚೌಕಾಸಿ ಬಿಟ್ಟುಕೊಟ್ಟ ಹಾಗೆ. ಇಡೀ ಎಪಿಸೋಡಿನಲ್ಲಿ ಅತಿ ಕ್ರೂರವಾದದ್ದು ಈ ಮಾತು, ಚೂರಿಗಳಲ್ಲ.

ತೆಂಕುತಿಟ್ಟಿನ ಆಟ ನೋಡಿ ಬೆಳೆದವರಿಗೆ ವೀರನ ಸಾವು ಹೊಸತೇನೂ ಅಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಬದುಕಿ ಬರುವುದಿಲ್ಲ ಎಂದು ಗೊತ್ತಿದ್ದೇ ಬೆಳಗಿನ ತನಕ ಕೂರುತ್ತೇವೆ. ಗೊತ್ತಿರುವುದರಿಂದಲೇ ಅವನ ಒಂದೊಂದು ಮಾತೂ ಚುಚ್ಚುತ್ತದೆ. 2013ರಲ್ಲಿ ಜಾರ್ಜ್ ಆರ್.ಆರ್. ಮಾರ್ಟಿನ್ ಅವರ 2000ದ ಕಾದಂಬರಿ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ ಓದಿದವರ ಸ್ಥಿತಿ ಇದೇ ಆಗಿತ್ತು. ಅವರಲ್ಲಿ ಕೆಲವರು, ಏನೂ ತಿಳಿಯದ ಗೆಳೆಯರನ್ನು ಸೋಫಾದಲ್ಲಿ ಕೂರಿಸಿ, ಅವರ ಮುಖವನ್ನು ಗುಟ್ಟಾಗಿ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರು. ಆ ವಿಡಿಯೋಗಳೇ ಒಂದು ಪ್ರಕಾರವಾಗಿ ಬೆಳೆದವು. ಮೊದಲ ಸಲ ನೋಡುವಾಗ ಸಿಗುವುದು ಪೆಟ್ಟು, ಎರಡನೇ ಸಲ ಸಿಗುವುದು ಆಟದ ರಸ. ಎರಡನೇ ಸಲ ನೋಡದೆ ಈ ಎಪಿಸೋಡಿಗೆ ಮಾರ್ಕು ಹಾಕಬೇಡಿ.

ಮಾರ್ಟಿನ್‌ಗೆ ಇದು ಗಾಳಿಯಲ್ಲಿ ಹೊಳೆದದ್ದೂ ಅಲ್ಲ. ಸ್ಕಾಟ್ಲೆಂಡಿನ ಎರಡು ಘಟನೆಗಳನ್ನು ಅವರೇ ಹೇಳಿದ್ದಾರೆ: 1440ರಲ್ಲಿ ಎಡಿನ್‌ಬರೋ ಕೋಟೆಗೆ ಊಟಕ್ಕೆ ಕರೆದು ಎಳೆ ಹರೆಯದ ಡಗ್ಲಸ್ ಅರ್ಲ್ ಮತ್ತು ಅವನ ತಮ್ಮನನ್ನು ಕೊಂದದ್ದು, 1692ರಲ್ಲಿ ಗ್ಲೆಂಕೋದಲ್ಲಿ ಮ್ಯಾಕ್‌ಡೊನಾಲ್ಡರ ಮನೆಗಳಲ್ಲಿ ಉಂಡು ಮಲಗಿದ್ದ ಸೈನಿಕರು ಆ ಮನೆಯವರನ್ನೇ ಕೊಂದದ್ದು.

ಪುಸ್ತಕಕ್ಕೆ ಹೋಲಿಸಿದರೆ ಒಂದು ಬದಲಾವಣೆಗೆ ತಕರಾರುಂಟು. ಅಲ್ಲಿ ರಾಬನ ಹೆಂಡತಿ ಬೇರೆ, ಹೆಸರು ಜೇನ್. ಅವಳು ಮದುವೆಗೆ ಬರುವುದೇ ಇಲ್ಲ, ಬದುಕುತ್ತಾಳೆ. ಇಲ್ಲಿ ಬಸುರಿ ಟಲೀಸಾಳನ್ನು ಕರೆತಂದು, ಹೊಟ್ಟೆಗೇ ಮತ್ತೆ ಮತ್ತೆ ಇರಿಯುವಂತೆ ಮಾಡಿದ್ದು ಅತಿಯಾಯಿತು. ಬಾಗಿಲು, ಹಾಡು, ತೋಳು ಈ ಮೂರರಲ್ಲೇ ಭಯ ಹುಟ್ಟಿಸಿದ ನಿರ್ದೇಶಕನಿಗೆ ಅದರ ಅಗತ್ಯವಿರಲಿಲ್ಲ. ಇನ್ನೊಂದು ಬದಲಾವಣೆ ಮಾತ್ರ ಪುಸ್ತಕಕ್ಕಿಂತ ಮೇಲು: ಕ್ಯಾಟ್ಲಿನ್ ಒತ್ತೆ ಹಿಡಿಯುವುದು ಅಲ್ಲಿ ಫ್ರೇಯ ಬುದ್ಧಿಮಾಂದ್ಯ ಮೊಮ್ಮಗನನ್ನು, ಇಲ್ಲಿ ಹೆಂಡತಿಯನ್ನು. ಮುದುಕನ ಆ ಒಂದು ಉತ್ತರ ಬಂದದ್ದೇ ಇದರಿಂದ.

ಉಳಿದ ಎಳೆಗಳು ಹಾಗೆಹಾಗೆ. ಡೆನೇರಿಸ್ ರಾಣಿಯ ಕಡೆಯವರಿಗೆ ಯುಂಕಾಯ್ ನಗರ ವಶವಾಗುವ ಭಾಗದಲ್ಲಿ ಕತ್ತಿವರಸೆ ಚಂದ, ಎದೆ ಮುಟ್ಟುವುದಿಲ್ಲ. ರಾಬನ ತಮ್ಮ ಬ್ರಾನ್ (ಹಾಡಿದ ಸಿಪಾಯಿಯಲ್ಲ) ತನ್ನನ್ನು ಹೊತ್ತು ನಡೆಯುವ ಹೋಡರ್‌ನ ಮನಸ್ಸಿನೊಳಗೆ ಹೋಗುವ ಗುಡುಗಿನ ರಾತ್ರಿ ಮುಂದಿನ ಸೀಸನ್‌ಗಳಿಗೆ ಮುಖ್ಯ, ಅಲ್ಲಿ ಮೊಬೈಲ್ ನೋಡುತ್ತಾ ಕೂರಬೇಡಿ.

ನೋಡುವ ಬಗೆ. ಕಾಸರಗೋಡಿನ ಮಳೆಗಾಲದಲ್ಲಿ, ಅದರಲ್ಲೂ ಶೀಟಿನ ಮಾಡಿನ ಕೆಳಗೆ, ಟಿವಿಯ ಸ್ಪೀಕರ್ ನಂಬಿದರೆ ಕೆಟ್ಟಿರಿ. ರಮಿನ್ ಜವಾದಿಯ ಆ ಮಟ್ಟು ಕೆಳಸ್ಥಾಯಿಯ ತಂತಿನಾದದಲ್ಲಿ, ಇಳಿದ ಗದ್ದಲದ ಅಡಿಯಿಂದ ಬರುತ್ತದೆ. ಮೊಬೈಲಿನ ಸಣ್ಣ ಸ್ಪೀಕರಿಗೆ ಆ ಸ್ವರಗಳು ಸರಿಯಾಗಿ ಹಿಡಿಯುವುದಿಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ. ಟಿವಿಯಲ್ಲೇ ಆದರೆ ‘ನೈಟ್ ಮೋಡ್’ ಆಫ್ ಮಾಡಿ, ಅದು ಪಿಸುಮಾತನ್ನೂ ಕಿರುಚಾಟವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ. ಹಜಾರ ಬರೀ ದೀಪದ ಬೆಳಕಿನದು, ಹಾಗಾಗಿ ಕೋಣೆಯ ಟ್ಯೂಬ್‌ಲೈಟ್ ಆರಿಸದಿದ್ದರೆ ಬೋಲ್ಟನ್‌ನ ತೋಳಿನ ಕವಚ ಕಾಣಿಸುವುದಿಲ್ಲ. ಸಬ್‌ಟೈಟಲ್ ಬೇಕಾದರೆ ಮಾತು ಮಾತ್ರ ಇರುವುದನ್ನು ಆರಿಸಿ; ಸಂಗೀತದ ವಿವರವನ್ನೂ ಬರೆಯುವ ಬಗೆಯದು ಹಾಡಿನ ಹೆಸರನ್ನು ಕ್ಯಾಟ್ಲಿನ್‌ಗಿಂತ ಮೊದಲೇ ನಿಮಗೆ ಹೇಳಿಬಿಡಬಹುದು.

ತೋಟದ ನಡುವಿನ ಮನೆಯಾದರೆ ಸಿಗ್ನಲ್ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬಾಗಿಲು ಮುಚ್ಚಿದ ಮೇಲೆ ಚಕ್ರ ತಿರುಗುತ್ತಾ ನಿಂತರೆ ಎಲ್ಲ ಹೋಯಿತು. ಎಲ್ಲಕ್ಕಿಂತ ಮುಖ್ಯ, ಸೆಟ್ಟಿಂಗಿಗೆ ಹೋಗಿ ಆಟೋಪ್ಲೇ ತೆಗೆಯಿರಿ. ಈ ಎಪಿಸೋಡಿನ ಕೊನೆಯ ಹೆಸರುಗಳು ಸಂಗೀತವೇ ಇಲ್ಲದೆ, ಪೂರ್ತಿ ಮೌನದಲ್ಲಿ ಓಡುತ್ತವೆ. ‘ಮುಂದಿನ ಎಪಿಸೋಡ್’ ಎಂಬ ಪಟ್ಟಿ ಬಂದು ತಂತಾನೇ ಶೀರ್ಷಿಕೆ ಸಂಗೀತ ಬಾರಿಸಿತೆಂದರೆ ಆ ಮೌನ ದಂಡ.

ಮನೆಮಂದಿ ಸೇರಿ ನೋಡುವ ಸರಕು ಇದಲ್ಲ. ಗರ್ಭಿಣಿಯರಿಗೆ, ಈಚೆಗೆ ಮನೆಯಲ್ಲಿ ಸಾವು ಕಂಡವರಿಗೆ ಹೇಳದೆ ಹಾಕಬೇಡಿ. ‘ಸರ್‌ಪ್ರೈಸ್’ ಕೊಡುವ ಚಪಲಕ್ಕೆ ಇದು ಜಾಗವಲ್ಲ. ಹತ್ತನೆಯದನ್ನು ಅದೇ ರಾತ್ರಿ ನೋಡುವವರಿಗೂ ಒಂದು ಮಾತು: ಶುರುವಿನಲ್ಲೇ ರಾಬನ ಶವಕ್ಕೆ ತೋಳದ ತಲೆ ಕಟ್ಟಿ ಮೆರೆಸುತ್ತಾರೆ. ತಡೆಯಲಾರದವರು ಅದನ್ನು ಓಡಿಸಿ ಮುಂದೆ ಹೋಗಿ, ಆದರೆ ಲ್ಯಾನಿಸ್ಟರರ ಯಜಮಾನ ಟೈವಿನ್ ಮತ್ತು ಮಗ ಟಿರಿಯನ್ ಇಬ್ಬರೇ ಕೂತು ಮಾತಾಡುವ ದೃಶ್ಯ ಬಿಡಬೇಡಿ. ಯುದ್ಧದಲ್ಲಿ ಹತ್ತು ಸಾವಿರ ಜನರನ್ನು ಕೊಲ್ಲುವುದು ಊಟದ ಮೇಜಿನಲ್ಲಿ ಹತ್ತು ಹನ್ನೆರಡು ಮಂದಿಯನ್ನು ಕೊಲ್ಲುವುದಕ್ಕಿಂತ ಹೇಗೆ ಹೆಚ್ಚು ಘನವಾದದ್ದು ಎಂದು ಟೈವಿನ್ ಅಲ್ಲಿ ಕೇಳುತ್ತಾನೆ, ಮಗನ ಹತ್ತಿರ ನೆಟ್ಟಗಿನ ಉತ್ತರ ಇರುವುದಿಲ್ಲ.