ಇಲಿ ಲಿವರ್‌ಗೆ ಮೈಕ್ರೋಆರ್‌ಎನ್‌ಎ-122 ಇನ್‌ಹಿಬಿಟರ್: ಬಳಸಿದ್ಮೇಲೆ ಅನ್ಸಿದ್ದು

ಮೈಕ್ರೋಆರ್‌ಎನ್‌ಎ-122 (ಲಿವರ್‌ನಲ್ಲಿದ್ದು ಬೇರೆ ಜೀನ್‌ಗಳನ್ನ ಅದುಮಿಡೋ ಪುಟ್ಟ ಆರ್‌ಎನ್‌ಎ) ಬ್ಲಾಕ್ ಮಾಡೋ ಎಲ್‌ಎನ್‌ಎ ಇನ್‌ಹಿಬಿಟರ್, ಅಂದ್ರೆ ಅದಕ್ಕೆ ಗಟ್ಟಿಯಾಗಿ ಅಂಟೋ ಹಾಗೆ ಕೆಮಿಸ್ಟ್ರಿ ಬದಲಾಯಿಸಿದ ನ್ಯೂಕ್ಲಿಕ್ ಆಸಿಡ್ ತುಂಡು, ಲ್ಯಾಬ್ ಪ್ರಯೋಗಕ್ಕೆ ತಗೋಬೇಕಾ ಬೇಡ್ವಾ ಅಂತ ಯೋಚ್ನೆ ಮಾಡ್ತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಖಂಡಿತ ತಗೊಳ್ಳಿ, ಇಲಿ ಲಿವರ್‌ನಲ್ಲಿ ಚೆನ್ನಾಗಿ ಕೆಲ್ಸ ಮಾಡತ್ತೆ.

ಬಳಸೋದಂತೂ ಸುಲಭ. ಪುಡಿ ಬರತ್ತೆ, ಸಲೈನಲ್ಲಿ ಕರಗ್ಸಿ ಇಂಜೆಕ್ಟ್ ಮಾಡಿದ್ರೆ ಆಯ್ತು, ಲಿಪಿಡ್ ಗಿಪಿಡ್ ಏನೂ ಬೆರೆಸೋದು ಬೇಡ, ತಾನೇ ಹೋಗಿ ಲಿವರ್ ಕಿಡ್ನಿ ಸೇರ್ಕೊಳ್ಳತ್ತೆ. 2005ರ ಆಂಟಾಗೊಮಿರ್ (ಇದೇ ಕೆಲ್ಸ ಮಾಡೋ ಹಳೇ ಥರದ ಇನ್‌ಹಿಬಿಟರ್) ಪೇಪರಲ್ಲಿ ಕೆಜಿಗೆ 80 ಮಿಲಿಗ್ರಾಂ ಲೆಕ್ಕದಲ್ಲಿ ಮೂರು ದಿನ ಕೊಟ್ಟಿದ್ರು, ಎಲ್‌ಎನ್‌ಎ ಅದಕ್ಕಿಂತ ಎಷ್ಟೋ ಕಮ್ಮಿ ಡೋಸಲ್ಲೇ ಹಿಡಿಯತ್ತೆ.

ಎಲ್ಲರೂ ಎಡವೋದು ರಿಸಲ್ಟ್ ನೋಡೋ ಹಂತದಲ್ಲಿ. ಕ್ಯೂಪಿಸಿಆರ್‌ನಲ್ಲಿ (ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯೋ ಟೆಸ್ಟ್) 122 ಪೂರ್ತಿ ಮಾಯ ಆಗಿದ್ದು ನೋಡಿ ಖುಷಿ ಪಡ್ತಾರೆ, ಆದ್ರೆ ಆರ್‌ಎನ್‌ಎ ತೆಗೆಯುವಾಗ ಇನ್‌ಹಿಬಿಟರ್ ಕೂಡ ಜೊತೆಗೇ ಬಂದು 122ಗೆ ಗಟ್ಟಿಯಾಗಿ ಅಂಟ್ಕೊಂಡಿರತ್ತೆ, ಆ ಟೆಸ್ಟ್‌ನ ಪ್ರೈಮರ್‌ಗೆ (122ಗೆ ಅಂಟ್ಕೊಂಡು ಅಳತೆ ಶುರು ಮಾಡೋ ತುಂಡು) ಜಾಗಾನೇ ಬಿಡಲ್ಲ, ಹಾಗಾಗಿ ಆ ನಂಬರ್ ಒಂದನ್ನೇ ನಂಬೋಕಾಗಲ್ಲ. ಟಾರ್ಗೆಟ್ ಜೀನ್ ನೋಡಿ. ಆಲ್ಡ್‌ಒಎ, ಎನ್‌ಡಿಆರ್‌ಜಿ3, ಬಿಸಿಕೆಡಿಕೆ ಇವೆಲ್ಲ 122 ಅದುಮಿಟ್ಟಿರೋ ಜೀನ್‌ಗಳು, 122ರ ಹಿಡಿತ ತಪ್ಪಿದಾಗ ಮೇಲೇಳ್ಬೇಕು. ಅದ್ರಲ್ಲೂ ಆಲ್ಡ್‌ಒಎ ಏರಿದ್ರೆ ಔಷಧ ಕೆಲ್ಸ ಮಾಡಿದೆ ಅಂತಾನೇ ಅರ್ಥ. ಉಳಿದ ಟಾರ್ಗೆಟ್‌ಗಳು ಎರಡು ಪಟ್ಟು ಕೂಡ ಏರ್ದೇ ಇರಬಹುದು, ಬೇಜಾರಾಗ್ಬೇಡಿ, ಮೈಕ್ರೋಆರ್‌ಎನ್‌ಎ ಕೆಲ್ಸಾನೇ ಹಾಗೆ, ಒಂದೊಂದು ಜೀನನ್ನ ಸ್ವಲ್ಪ ಸ್ವಲ್ಪ ಅದುಮತ್ತೆ ಆದ್ರೆ ನೂರಾರನ್ನ ಒಟ್ಟಿಗೆ ಅದುಮತ್ತೆ. ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿದ್ರೆ ಏರಿದ ಜೀನ್‌ಗಳ 3 ಪ್ರೈಮ್ ಯುಟಿಆರ್‌ನಲ್ಲಿ (ಪ್ರೋಟೀನ್ ಕೋಡ್ ಮುಗಿದ ಮೇಲಿರೋ ಬಾಲದ ಭಾಗ) ಸಿಎಸಿಯುಸಿಸಿ ಅನ್ನೋ ಸೀಡ್ ಸೈಟ್ (122 ಬಂದು ಅಂಟೋ ಜಾಗ) ಬೇರೆ ಜೀನ್‌ಗಳಿಗಿಂತ ಜಾಸ್ತಿ ಸಿಗ್ಬೇಕು, ಅದನ್ನ ಕಣ್ಣಾರೆ ನೋಡಿದಾಗ ಆಗೋ ಸಂತೋಷಾನೇ ಬೇರೆ!

ಇಳಿಯೋ ಜೀನ್‌ಗಳೂ ಇವೆ, ಕೊಲೆಸ್ಟ್ರಾಲ್ ತಯಾರಿಸೋ ಗುಂಪು ಮುಖ್ಯವಾಗಿ. ಅದು ನೇರ ಪರಿಣಾಮ ಅಲ್ಲ, ಆಮೇಲೆ ಆಗೋ ಬದಲಾವಣೆ, ಆದ್ರೂ ಇಲಿ ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿಯೋದು ಸ್ಪಷ್ಟವಾಗಿ ಕಾಣತ್ತೆ.

ನನ್ನ ದೂರು ಒಂದೇ. ನಾವು ತರಿಸಿದ ಪ್ಯಾಕಲ್ಲಿ ಮಿಸ್‌ಮ್ಯಾಚ್ ಕಂಟ್ರೋಲ್ (ಅದೇ ಕೆಮಿಸ್ಟ್ರಿ, ಆದ್ರೆ ಅಕ್ಷರ ಬದಲಾಯಿಸಿರೋದ್ರಿಂದ 122ಗೆ ಸರಿಯಾಗಿ ಅಂಟದ ತುಂಡು) ಇರ್ಲಿಲ್ಲ, ಬೇರೆ ಆರ್ಡರ್ ಮಾಡ್ಬೇಕಾಯ್ತು. ಬರೀ ಸಲೈನ್ ಗುಂಪು ಸಾಲಲ್ಲ ಕಣ್ರೀ, ಕೆಲವು ಎಲ್‌ಎನ್‌ಎಗಳು ತಾವೇ ಲಿವರ್‌ಗೆ ಪೆಟ್ಟು ಕೊಡತ್ವೆ, ಎಎಲ್‌ಟಿ (ಲಿವರ್‌ಗೆ ಪೆಟ್ಟಾದ್ರೆ ರಕ್ತಕ್ಕೆ ಬರೋ ಕಿಣ್ವ) ಏರತ್ತೆ, ಆಗ ಬದಲಾದ ಜೀನ್ 122 ತಡೆದಿದ್ದಕ್ಕೋ ಕೆಮಿಸ್ಟ್ರಿಯಿಂದಾನೋ ಗೊತ್ತಾಗೋದು ಹೇಗೆ? ಕಂಟ್ರೋಲ್ ಕೈಗೆ ಬರೋ ತನಕ ಇಂಜೆಕ್ಷನ್ ಶುರು ಮಾಡ್ಬೇಡಿ, ಎಎಲ್‌ಟಿಗೆ ಅಂತ ಸ್ವಲ್ಪ ಸೀರಮ್ ತೆಗೆದಿಡಿ.