ಮೂರು ಕಡೆ ಆನ್‌ಲೈನ್ ಓದಿ ನೋಡಿದೆ

ಮೊದಲನೆಯದು ಲಾಕ್‌ಡೌನ್ ಕ್ಲಾಸು. 2020ರಲ್ಲಿ ನಾನು ಎಂ.ಕಾಂ. ಓದುತ್ತಿದ್ದೆ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಡಿಕೆ ಅಟ್ಟದ ಒಂದು ಮೂಲೆಯಲ್ಲಿ ಮಾತ್ರ. ಮಳೆ ಜೋರಾದರೆ ಅದೂ ಇಲ್ಲ. ಮೇಷ್ಟ್ರು ಪಿಪಿಟಿ ಓದುತ್ತಿದ್ದರು, ನಾವು ಮೈಕ್ ಆಫ್ ಮಾಡಿಕೊಂಡು ಕೂರುತ್ತಿದ್ದೆವು. ಕೊನೆಗೆ ಚಾಟ್‌ನಲ್ಲಿ ‘ಪ್ರೆಸೆಂಟ್ ಸಾರ್’ ಸಾಲುಸಾಲು. ಅವರನ್ನು ಬೈಯಲು ಮನಸ್ಸಿಲ್ಲ. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ನಿಂತವರಿಗೆ ಒಂದೇ ವಾರದಲ್ಲಿ ‘ಇನ್ನು ಮೊಬೈಲ್‌ನಲ್ಲೇ ಪಾಠ ಮಾಡಿ’ ಅಂದರೆ ಇನ್ನೇನಾಗುತ್ತೆ? ಆದರೆ ರಾತ್ರಿ ವಾಟ್ಸಾಪ್‌ನಲ್ಲಿ ಡೌಟ್ ಕೇಳಿದರೆ ಹಾಳೆ ಮೇಲೆ ಲೆಕ್ಕ ಬಿಡಿಸಿ ಫೋಟೊ ಕಳಿಸುತ್ತಿದ್ದರು. ನಾನು ಎಡವಿದ ಸಾಲಿಗೆ ಕೆಂಪು ಸುತ್ತು. ಸ್ಟ್ಯಾಂಡರ್ಡ್ ಕಾಸ್ಟಿಂಗ್ ನನ್ನ ತಲೆಗೆ ಹತ್ತಿದ್ದು ಆ ಫೋಟೊಗಳಿಂದಲೇ.

ಎರಡನೆಯದು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ಸ್ವಯಂ ಪೋರ್ಟಲ್‌ನ ಎನ್‌ಪಿಟಿಇಎಲ್ ಕೋರ್ಸು, ಸ್ಟ್ಯಾಟಿಸ್ಟಿಕ್ಸ್, 12 ವಾರ. ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವಂಥದ್ದು. ಪಾಠದಲ್ಲಿ ನಮ್ಮ ಕಾಲೇಜಿಗೂ ಇದಕ್ಕೂ ಅಜಗಜಾಂತರ. ವಿಡಿಯೊ ಡೌನ್‌ಲೋಡ್ ಮಾಡಿಕೊಂಡು, ಅರ್ಥವಾಗದ ಕಡೆ ನಾಲ್ಕು ಸಲ ನೋಡಿದೆ. ಓದಲು ಕಾಸಿಲ್ಲ, ಪರೀಕ್ಷೆಗೆ ಮಾತ್ರ 1000 ರೂಪಾಯಿ ಕಟ್ಟಿದೆ. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪರೀಕ್ಷೆಗೆ ಖುದ್ದಾಗಿ ಹೋಗಬೇಕು. ಬೆಳಗಿನ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಬಂದೆ. ಆ ದಿನಾಂಕದ ಹೆದರಿಕೆ ಇಲ್ಲದಿದ್ದರೆ ನಾನು ಓದುತ್ತಲೇ ಇರಲಿಲ್ಲ ಬಿಡಿ. ಅದಕ್ಕಿಂತ ಮುಂಚೆ ಹೀಗೇ ಸೇರಿದ್ದ ಇನ್ನೊಂದು ಕೋರ್ಸನ್ನು ಮೂರನೇ ವಾರಕ್ಕೇ ಕೈಬಿಟ್ಟಿದ್ದೆ. ಯಾರೂ ಯಾಕೆ ಅಂತ ಕೇಳಲಿಲ್ಲ, ಸಾವಿರಾರು ಜನರಲ್ಲಿ ನಾನೊಬ್ಬ ಅಷ್ಟೇ. ಈ ಸಲ ವಾರಕ್ಕೊಮ್ಮೆ ಪಿಎಚ್‌ಡಿ ಮಾಡುವ ಹುಡುಗನೊಬ್ಬ ಲೈವ್‌ನಲ್ಲಿ ಬಂದು ಲೆಕ್ಕ ಬಿಡಿಸುತ್ತಿದ್ದ. ಕೂರುತ್ತಿದ್ದವರು ಹತ್ತಿಪ್ಪತ್ತು ಜನ. ಪ್ರಶ್ನೆ ಕೇಳಿದರೆ ನಿಲ್ಲಿಸಿ ಉತ್ತರ ಕೊಡುತ್ತಿದ್ದ. ಪಾಸಾಗಿದ್ದು ಅವನಿಂದ.

ಮೂರನೆಯದಕ್ಕೆ ದುಡ್ಡು ಹೋಯಿತು. ಒಂದು ಖಾಸಗಿ ವಿಶ್ವವಿದ್ಯಾಲಯದ ಆನ್‌ಲೈನ್ ಎಂಬಿಎ. ಮಾನ್ಯತೆ ಇರುವ ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲೇ ಹೇಳಿದೆ, ಹಾಗಾಗಿ ಧೈರ್ಯ ಮಾಡಿದೆ. ಆ್ಯಪ್ ನೋಡಲು ಚಂದ. ಫೀಸು ಕಟ್ಟುವವರೆಗೆ ದಿನಕ್ಕೆರಡು ಸಲ ಫೋನು, ಕಟ್ಟಿದ ಮೇಲೆ ಗಪ್‌ಚುಪ್. ಒಂದು ಡೌಟಿಗೆ ಹನ್ನೊಂದು ದಿನ ಬಿಟ್ಟು ಬಂದ ಉತ್ತರ: ‘ದಯವಿಟ್ಟು ಮಾಡ್ಯೂಲ್ 3 ನೋಡಿ.’ ಡೌಟ್ ಬಂದಿದ್ದೇ ಮಾಡ್ಯೂಲ್ 3 ನೋಡಿ! ಪರೀಕ್ಷೆ ಮನೆಯಿಂದಲೇ, ಕ್ಯಾಮೆರಾ ಕಾವಲು. ಅಮ್ಮ ಕಾಫಿ ತಂದಿಟ್ಟಾಗ ತಲೆ ಎತ್ತಿದ್ದಕ್ಕೆ ಪರದೆ ಮೇಲೆ ವಾರ್ನಿಂಗ್ ಬಂತು. ಬರೆದದ್ದನ್ನು ಮಾತ್ರ ಯಾರೂ ಓದಿದ ಹಾಗೆ ಕಾಣಲಿಲ್ಲ. ಎರಡು ಅಸೈನ್‌ಮೆಂಟಿಗೂ ಒಂದೇ ಅಂಕ, ಒಂದೇ ಷರಾ: ‘ಗುಡ್’. ಎರಡು ಸೆಮಿಸ್ಟರ್ ಆದ ಮೇಲೆ ಬಿಟ್ಟೆ.

ಡಿಗ್ರಿಯ ಕಾಗದವೇ ಬೇಕು, ಕೆಲಸ ಬಿಡೋಕಾಗಲ್ಲ ಅನ್ನುವವರಿಗೆ ಮೂರನೆಯದು ಪರವಾಗಿಲ್ಲ. ಕಲಿಯಲು ನನ್ನ ಓಟು ಎರಡನೆಯದಕ್ಕೆ. ಪಾಠ ಕಳಪೆಯಾದರೂ ಮೊದಲನೆಯದನ್ನು ಮೂರನೆಯದಕ್ಕಿಂತ ಮೇಲೇ ಇಡುತ್ತೇನೆ, ಆ ಕೆಂಪು ಸುತ್ತಿಗಾಗಿ.

ಪಕ್ಕದ ಮನೆಯ ಹುಡುಗಿ ಹೋದ ತಿಂಗಳು ಇಂಥದ್ದೇ ಒಂದು ಆ್ಯಪಿಗೆ ಸೇರಲು ಹೊರಟಿದ್ದಳು. ‘ನನ್ನ ಅಸೈನ್‌ಮೆಂಟ್ ಯಾರು ನೋಡ್ತಾರೆ ಅಂತ ಮೊದಲು ಕೇಳು’ ಅಂದೆ. ಕೇಳಿದಳು. ‘ವಿಚಾರಿಸಿ ಹೇಳ್ತೀನಿ ಮೇಡಂ’ ಅಂದನಂತೆ ಕೌನ್ಸೆಲರ್. ಇನ್ನೂ ಫೋನ್ ಬಂದಿಲ್ಲ.